ಚನ್ನಬಸವ ಪಟ್ಟದ್ದೇವರು

ಡಾ. ಚನ್ನಬಸವ ಪಟ್ಟದ್ದೇವರು (22 ಡಿಸೆಂಬರ್ 1890 – 22 ಏಪ್ರಿಲ್ 1999) ಬೀದರ್ ಜಿಲ್ಲೆಯ ಭಾಲ್ಕಿ ಹಿರೇಮಠ ಸಂಸ್ಥಾನದ ಪೀಠಾಧಿಪತಿಗಳಾಗಿದ್ದವರು. ಶಿಕ್ಷಣ ಪ್ರಸಾರಕರು, ಕನ್ನಡ ಸೇವಕರು ಮತ್ತು ಬಸವತತ್ತ್ವದ ಪ್ರಚಾರಕರು ಎಂದು ಹೆಸರಾದವರು. ಹೈದರಾಬಾದ್ ಸಂಸ್ಥಾನದಲ್ಲಿ ಉರ್ದು ಆಡಳಿತದ ಭಾಷೆಯೂ ಶಿಕ್ಷಣದ ಭಾಷೆಯೂ ಆಗಿದ್ದ ಕಾಲದಲ್ಲಿ, ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡದ ಓದು ಬರಹ ಕಲಿಸಿದ ಸಂಗತಿಯಿಂದ ಅವರು ನಾಡಿನಾದ್ಯಂತ ಪರಿಚಿತರು. ಬಸವಕಲ್ಯಾಣದಲ್ಲಿ ಆಧುನಿಕ ಅನುಭವ ಮಂಟಪದ ನಿರ್ಮಾಣಕ್ಕೆ ಅವರೇ ಮುಂದಾಳಾಗಿದ್ದರು. ಮಗುವಿನ ಮೊದಲ ಓದು ಯಾವ ಭಾಷೆಯಲ್ಲಿ, ಯಾವ ಬಗೆಯಲ್ಲಿ ನಡೆಯಬೇಕೆಂಬ ಪ್ರಶ್ನೆ ಗಡಿನಾಡಾದ ಬೀದರ್ ಜಿಲ್ಲೆಯಲ್ಲಿ ಇಂದಿಗೂ ಜೀವಂತವಾಗಿರುವುದರಿಂದ ಅವರ ಜೀವನವನ್ನು ಶಿಕ್ಷಣದ ಇತಿಹಾಸದ ಭಾಗವಾಗಿಯೂ ನೋಡಲಾಗುತ್ತದೆ.

ಪ್ರದೇಶದ ಹಿನ್ನೆಲೆ

ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರ್ ಜಿಲ್ಲೆಯು ಮಹಾರಾಷ್ಟ್ರ ಮತ್ತು ತೆಲಂಗಾಣಗಳೊಡನೆ ಗಡಿಯನ್ನು ಹಂಚಿಕೊಂಡಿದೆ. ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಬಸವಕಲ್ಯಾಣ ಹಿಂದೆ ಕಲ್ಯಾಣ, ಕಲ್ಯಾಣಿ ಎಂಬ ಹೆಸರುಗಳಿಂದ ಪ್ರಸಿದ್ಧವಾಗಿತ್ತು. 11ನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ಇದನ್ನು ರಾಜಧಾನಿಯಾಗಿಸಿದನು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದ್ದು ಇಲ್ಲಿಯೇ. 12ನೆಯ ಶತಮಾನದಲ್ಲಿ ಬಸವಣ್ಣನವರು ಮತ್ತು ಅವರ ಸಮಕಾಲೀನ ಶರಣರು ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿ ವಚನಗಳನ್ನು ರಚಿಸಿದರು. ವಚನಕಾರರಲ್ಲಿ ಕಾಯಕದಿಂದ ಬದುಕುತ್ತಿದ್ದ ಗಂಡಸರೂ ಹೆಂಗಸರೂ ಇದ್ದುದರಿಂದ ಭಾಷೆ ಪಂಡಿತರ ವಲಯವನ್ನು ದಾಟಿ ಜನರ ನಡುವೆ ಬಂದಿತು.

ಬಸವಕಲ್ಯಾಣದ ಆಗ್ನೇಯಕ್ಕೆ, ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೆ ಹುಮನಾಬಾದ್ ಇದೆ. ಅದರ ಸಮೀಪದ ಮಾಣಿಕನಗರದಲ್ಲಿ 19ನೆಯ ಶತಮಾನದ ಸಂತ ಮಾಣಿಕಪ್ರಭುಗಳ ಸಂಸ್ಥಾನವಿದೆ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದುಸ್ತಾನಿ ಮುಂತಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಈ ಭಾಗದ ಭಾಷಾ ಸ್ಥಿತಿಗೆ ಅವರ ರಚನೆಗಳೇ ಒಳ್ಳೆಯ ಸಾಕ್ಷಿ. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು, ಲಂಬಾಣಿ ಮಾತುಗಳು ಒಂದೇ ಪೇಟೆಯಲ್ಲಿ, ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಹೀಗೆ ಬಹುಭಾಷೆಯ ಬದುಕು ಇಲ್ಲಿ ಸಹಜವಾಗಿತ್ತು. ಶಾಲೆಯಲ್ಲಿ ಮಾತ್ರ ಅದಕ್ಕೆ ಎಡೆ ಕಡಿಮೆಯಿತ್ತು.

ಜನನ ಮತ್ತು ಮಠಾಧಿಕಾರ

ಚನ್ನಬಸವ ಪಟ್ಟದ್ದೇವರು ಕಮಲನಗರದಲ್ಲಿ ಜನಿಸಿದರು. ಆಗ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಈ ಊರು ಏಕೀಕರಣದ ನಂತರ ಔರಾದ್ ತಾಲ್ಲೂಕಿನಲ್ಲಿತ್ತು. ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. ಊರು ಇಂದಿನ ಮಹಾರಾಷ್ಟ್ರದ ಗಡಿಗೆ ಹತ್ತಿರದಲ್ಲಿರುವುದರಿಂದ ಕನ್ನಡದ ಜೊತೆಗೆ ಮರಾಠಿಯ ಬಳಕೆಯೂ ಅಲ್ಲಿ ದಟ್ಟವಾಗಿದೆ.

ಮುಂದೆ ಅವರು ಭಾಲ್ಕಿಯ ಹಿರೇಮಠ ಸಂಸ್ಥಾನದ ಪೀಠವನ್ನು ಏರಿದರು. ಪಟ್ಟದ್ದೇವರು ಎಂಬುದು ಆ ಮಠದ ಪಟ್ಟಕ್ಕೆ ಬಂದವರಿಗೆ ಸಲ್ಲುವ ಗೌರವನಾಮ. ಹಳ್ಳಿಗಾಡಿನ ಮಠವೆಂದರೆ ಪೂಜೆ, ದೀಕ್ಷೆ, ಜಾತ್ರೆಗಳ ಕೇಂದ್ರವೆಂಬ ಭಾವನೆ ಬಲವಾಗಿದ್ದ ಕಾಲವದು. ಭಕ್ತರ ಮನೆಗಳಿಗೆ ಹೋಗುವ, ಅವರ ಕಷ್ಟಸುಖಗಳನ್ನು ಕೇಳುವ ಮಠಾಧಿಪತಿಗೆ ಸುತ್ತಲಿನ ಹಳ್ಳಿಗಳ ಸ್ಥಿತಿ ನೇರವಾಗಿ ತಿಳಿಯುತ್ತಿತ್ತು. ಪಟ್ಟದ್ದೇವರು ಅಕ್ಷರವಿಲ್ಲದಿರುವುದನ್ನೇ ಆ ಹಳ್ಳಿಗಳ ದೊಡ್ಡ ಕೊರತೆಯೆಂದು ಕಂಡು, ಮಠದ ಸಂಪನ್ಮೂಲವನ್ನೂ ತಮ್ಮ ಸಂಚಾರವನ್ನೂ ಶಿಕ್ಷಣದ ಕಡೆಗೆ ತಿರುಗಿಸಿದರು.

ನಿಜಾಮರ ಕಾಲದ ಶಿಕ್ಷಣ

ಹೈದರಾಬಾದ್ ಸಂಸ್ಥಾನವು ತೆಲುಗು, ಮರಾಠಿ ಮತ್ತು ಕನ್ನಡ ನುಡಿಯ ಪ್ರದೇಶಗಳನ್ನು ಒಳಗೊಂಡಿತ್ತು. ಜನಸಂಖ್ಯೆಯಲ್ಲಿ ಅರ್ಧದಷ್ಟು ಮಂದಿ ತೆಲುಗರು, ಸುಮಾರು ಕಾಲು ಭಾಗ ಮರಾಠಿಗರು, ಹತ್ತರಲ್ಲಿ ಒಂದು ಪಾಲಿನಷ್ಟು ಕನ್ನಡಿಗರು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಆಡಳಿತದಲ್ಲಿ ಪಾರ್ಸಿ ಭಾಷೆಯ ಸ್ಥಾನಕ್ಕೆ ಉರ್ದು ಬಂದಿತು. ನಿಜಾಂ ಮೀರ್ ಉಸ್ಮಾನ್ ಅಲಿ ಖಾನ್ ಅವರ ಕಾಲದಲ್ಲಿ, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಉನ್ನತ ಶಿಕ್ಷಣದ ಮಾಧ್ಯಮವಾಗಿಸಿತು. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ ಮುಂತಾದ ವಿಷಯಗಳನ್ನು ಕಲಿಸಿದ ಆ ಪ್ರಯತ್ನ ದೇಶದಲ್ಲೇ ಗಮನ ಸೆಳೆಯಿತು. ಆದರೆ ಸಂಸ್ಥಾನದ ಬಹುಪಾಲು ಮಕ್ಕಳಿಗೆ ಉರ್ದು ಮನೆಮಾತಾಗಿರಲಿಲ್ಲ. ಮೇಲಿನ ತರಗತಿಗಳಿಗೂ ಸರ್ಕಾರಿ ನೌಕರಿಗೂ ಉರ್ದುವೇ ಬಾಗಿಲಾಗಿದ್ದುದರಿಂದ ಕೆಳಗಿನ ತರಗತಿಗಳೂ ಅದರ ಸುತ್ತಲೇ ರೂಪುಗೊಂಡವು.

ಇದರೊಡನೆ ಖಾಸಗಿ ಶಾಲೆಗಳ ಮೇಲೆ ನಿರ್ಬಂಧಗಳೂ ಇದ್ದವು. 1920ರ ದಶಕದಲ್ಲಿ ಜಾರಿಗೆ ಬಂದ ಖಾನಗಿ ಶಾಲೆಗಳ ನಿಯಮಗಳ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಶಾಲೆ ನಡೆಸುವಂತಿರಲಿಲ್ಲ. ಹಳ್ಳಿಗಳಲ್ಲಿ ಐಗಳು ಮತ್ತು ಪಂತೋಜಿಗಳು ನಡೆಸುತ್ತಿದ್ದ ಸಣ್ಣ ಶಾಲೆಗಳು ಇದರಿಂದ ದೊಡ್ಡ ಸಂಖ್ಯೆಯಲ್ಲಿ ಮುಚ್ಚಿದವು. ತೆಲುಗು, ಮರಾಠಿ, ಕನ್ನಡ ಪ್ರದೇಶಗಳ ಮೂರೂ ಕಡೆಯ ಸಾರ್ವಜನಿಕ ಸಂಘಟನೆಗಳು ಮಾತೃಭಾಷೆಯ ಶಿಕ್ಷಣವನ್ನು ತಮ್ಮ ಮುಖ್ಯ ಬೇಡಿಕೆಯಾಗಿ ಎತ್ತಿಕೊಂಡದ್ದಕ್ಕೆ ಈ ಸ್ಥಿತಿಯೇ ಕಾರಣ.

ಕನ್ನಡ ಪ್ರದೇಶದಲ್ಲಿ ಕೆಲವು ಸಂಸ್ಥೆಗಳು ಮೊದಲೇ ದಾರಿ ಮಾಡಿದ್ದವು. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಆರಂಭವಾಗಿತ್ತು. ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆ ಹೆಸರಾಗಿತ್ತು. ಕನ್ನಡ ಸಾಹಿತ್ಯ ಸಮ್ಮೇಳನವು 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲೂ, 1934ರಲ್ಲಿ ಮಕ್ಕಳ ಸಾಹಿತ್ಯದ ಹಿರಿಯರಾದ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲೂ ನಡೆಯಿತು. ಸಂಸ್ಥಾನದ ಕನ್ನಡ ಪ್ರದೇಶದ ಉತ್ತರ ತುದಿಯ ಭಾಲ್ಕಿ, ಕಮಲನಗರ, ಕಲ್ಯಾಣಿ, ಹುಮನಾಬಾದ್ ಕಡೆಗೆ ಈ ಚಟುವಟಿಕೆಗಳ ಗಾಳಿ ಬೀಸಲು ತಡವಾಯಿತು. ಅಲ್ಲಿ ಆ ಕೊರತೆಯನ್ನು ತುಂಬಿದವರಲ್ಲಿ ಪಟ್ಟದ್ದೇವರು ಪ್ರಮುಖರು.

ಉರ್ದು ಫಲಕದ ಶಾಲೆ

ಕನ್ನಡ ಶಾಲೆಯೆಂದು ಬಹಿರಂಗವಾಗಿ ಹೇಳಿಕೊಂಡರೆ ಅಧಿಕಾರಿಗಳ ಕಣ್ಣಿಗೆ ಬೀಳುವ ಸಂಭವವಿತ್ತು. ಪಟ್ಟದ್ದೇವರು ಶಾಲೆಯ ಹೊರಗೋಡೆಗೆ ಉರ್ದುವಿನಲ್ಲಿ ಬರೆದ ಫಲಕವನ್ನು ಹಾಕಿಸಿ, ಒಳಗೆ ಕನ್ನಡ ಪಾಠ ನಡೆಸಿದರು. ಬೀದರ್ ಜಿಲ್ಲೆಯಲ್ಲಿ ಕನ್ನಡ ಉಳಿದ ಬಗೆಯನ್ನು ಹೇಳುವಾಗಲೆಲ್ಲ ಈ ಸಂಗತಿಯನ್ನು ನೆನೆಯಲಾಗುತ್ತದೆ. ಕೇಳುವವರಿಗೆ ಇದು ಜಾಣತನದ ಕಥೆಯಂತೆ ತೋರಿದರೂ ಅದರಲ್ಲಿದ್ದ ಅಪಾಯ ಸಣ್ಣದಲ್ಲ. ಶಾಲೆ ಮುಚ್ಚಿಹೋಗುವುದಷ್ಟೇ ಅಲ್ಲದೆ, ಮಕ್ಕಳನ್ನು ಕಳಿಸಿದ ಕುಟುಂಬಗಳಿಗೂ ಪಾಠ ಹೇಳಿದವರಿಗೂ ತೊಂದರೆ ಬರಬಹುದಾಗಿತ್ತು. ಮಠದ ಮೇಲೆ ಜನ ಇಟ್ಟಿದ್ದ ನಂಬಿಕೆಯೇ ಆ ಶಾಲೆಗೆ ಕಾವಲಾಗಿತ್ತು.

ಈ ಕಾರ್ಯವನ್ನು ಉರ್ದುವಿನ ಮೇಲಿನ ದ್ವೇಷವೆಂದು ಅರ್ಥೈಸುವುದು ಸರಿಯಾಗದು. ಉರ್ದು ಬಲ್ಲವರಿಗೆ ಆ ಕಾಲದಲ್ಲಿ ಉದ್ಯೋಗವೂ ಮರ್ಯಾದೆಯೂ ಇದ್ದವು. ಬೀದರ್ ಭಾಗದ ಅನೇಕ ಕನ್ನಡ ಹೋರಾಟಗಾರರು ತಾವೂ ಉರ್ದುವಿನಲ್ಲೇ ಕಲಿತವರು. ಉರ್ದು ಕಲಿಯಬಾರದೆಂಬುದು ಇಲ್ಲಿಯ ವಾದವಾಗಿರಲಿಲ್ಲ. ಮಗು ಮೊಟ್ಟಮೊದಲು ಓದುವ ಮಾತು ಅದಕ್ಕೆ ಗೊತ್ತಿರುವ ಮಾತೇ ಆಗಿರಬೇಕೆಂಬುದು ಮುಖ್ಯವಾಗಿತ್ತು.

ಎರಡು ಲಿಪಿ, ಎರಡು ಬಗೆಯ ಓದು

ಆ ಶಾಲೆಯ ಮಹತ್ವವನ್ನು ತಿಳಿಯಲು ಎರಡು ಲಿಪಿಗಳ ಸ್ವರೂಪವನ್ನು ಹೋಲಿಸಿ ನೋಡುವುದು ಉಪಯುಕ್ತ. ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಪದದ ಮೊದಲು, ನಡುವೆ, ಕೊನೆಯಲ್ಲಿ ಬರುವಾಗ ಅಕ್ಷರದ ಆಕಾರ ಬದಲಾಗುತ್ತದೆ. ಹ್ರಸ್ವ ಸ್ವರಗಳನ್ನು ಸೂಚಿಸುವ ಜಬರ್, ಜೇರ್, ಪೇಶ್ ಎಂಬ ಗುರುತುಗಳು ಬಾಲಬೋಧೆಯಲ್ಲಿ ಇರುತ್ತವೆಯಾದರೂ ಸಾಮಾನ್ಯ ಬರವಣಿಗೆಯಲ್ಲಿ ಅವುಗಳನ್ನು ಬಿಟ್ಟುಬಿಡುತ್ತಾರೆ. ಸೀನ್ ಮತ್ತು ರೇ ಎಂಬ ಎರಡು ಅಕ್ಷರಗಳನ್ನು ಕೂಡಿಸಿದರೆ ತಲೆಯೆಂಬ ಅರ್ಥದ ಸರ್ ಎಂದೂ ಸ್ವರವೆಂಬ ಅರ್ಥದ ಸುರ್ ಎಂದೂ ಓದಬಹುದು. ಇಸ್, ಉಸ್ ಎಂಬ ಎರಡು ಪದಗಳೂ ಗುರುತಿಲ್ಲದಿದ್ದರೆ ಒಂದೇ ರೀತಿ ಕಾಣುತ್ತವೆ; ಒಂದರ ಅರ್ಥ ಈ, ಇನ್ನೊಂದರದು ಆ.

ಉರ್ದು ಮನೆಮಾತಾಗಿರುವ ಮಗುವಿಗೆ ಇದು ದೊಡ್ಡ ತೊಡಕಲ್ಲ. ವಾಕ್ಯದ ಅರ್ಥ ಅದಕ್ಕೆ ಮೊದಲೇ ತಿಳಿದಿರುವುದರಿಂದ ಬಿಟ್ಟುಹೋದ ಸ್ವರವನ್ನು ಅದು ತಾನೇ ತುಂಬಿಕೊಳ್ಳುತ್ತದೆ. ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿದ ಮಗುವಿಗೆ ಆ ನೆರವು ಸಿಗುವುದಿಲ್ಲ. ಅಕ್ಷರಗಳನ್ನು ಗುರುತಿಸಿದರೂ ಪದ ಹೊರಡುವುದಿಲ್ಲ. ಗುರುಗಳು ಹೇಳಿದ್ದನ್ನು ಕಂಠಪಾಠ ಮಾಡಿದರೂ ಅರ್ಥ ತಿಳಿಯುವುದಿಲ್ಲ. ಪುಟವನ್ನು ನೋಡಿ ಒಪ್ಪಿಸುವ ಮಗು ಓದುತ್ತಿದೆಯೋ ನೆನಪಿನಿಂದ ಹೇಳುತ್ತಿದೆಯೋ ಎಂಬುದು ಗುರುಗಳಿಗೂ ಗೊತ್ತಾಗದೆ ಹೋಗುತ್ತದೆ.

ಕನ್ನಡ ಲಿಪಿಯ ರೀತಿ ಬೇರೆ. ಇಲ್ಲಿ ಬರವಣಿಗೆಯ ಘಟಕ ಅಕ್ಷರ, ಎಂದರೆ ಸ್ವರದೊಡನೆ ಕೂಡಿದ ವ್ಯಂಜನ. ಸರ, ಸುರ, ಸಿರಿ ಎಂಬ ಪದಗಳಲ್ಲಿ ಸ್ವರ ಬದಲಾದಂತೆ ಗುರುತೂ ಬದಲಾಗುತ್ತದೆ. ಬರೆದಂತೆ ಓದಲು, ಓದಿದಂತೆ ಬರೆಯಲು ಬಹುಮಟ್ಟಿಗೆ ಸಾಧ್ಯ. ಆದರೆ ಕಲಿಯಬೇಕಾದ ಗುರುತುಗಳ ಸಂಖ್ಯೆ ದೊಡ್ಡದು. ವರ್ಣಮಾಲೆಯ 49 ಅಕ್ಷರಗಳ ಮೇಲೆ, 34 ವ್ಯಂಜನಗಳಿಗೂ ಕಾಗುಣಿತ ಸೇರಿದರೆ ರೂಪಗಳು 500ರ ಆಸುಪಾಸಿಗೆ ಏರುತ್ತವೆ. ಒತ್ತಕ್ಷರಗಳು ಇದಕ್ಕೆ ಹೊರತು. ಹಾಗಾಗಿ ಕನ್ನಡದ ಮಗುವಿಗೂ ಓದು ಒಂದೆರಡು ತಿಂಗಳಲ್ಲಿ ಕೈಗೆ ಬರುವುದಿಲ್ಲ. ಆದರೆ ತಡವರಿಸಿಕೊಂಡು ಅಕ್ಷರ ಕೂಡಿಸಿದಾಗ ಹೊರಡುವ ಪದ ಅದು ಮನೆಯಲ್ಲಿ ಕೇಳಿದ ಪದವೇ ಆಗಿರುತ್ತದೆ. ತಾನು ಓದಿದ್ದು ಸರಿಯೆಂದು ಅದಕ್ಕೆ ತಾನೇ ತಿಳಿಯುತ್ತದೆ.

ಗಾವಠಿ ಶಾಲೆಗಳ ಪದ್ಧತಿ

ಪಟ್ಟದ್ದೇವರ ಕಾಲದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ಕಲಿಸುವ ಹಳೆಯ ಕ್ರಮವೊಂದು ರೂಢಿಯಲ್ಲಿತ್ತು. ಗಾವಠಿ ಶಾಲೆ, ಐಗಳ ಶಾಲೆ ಎಂದು ಕರೆಯಲ್ಪಡುತ್ತಿದ್ದ ಈ ಪಾಠಶಾಲೆಗಳು ಗುಡಿಯ ಕಟ್ಟೆಯಲ್ಲೋ ಮಠದ ಪಡಸಾಲೆಯಲ್ಲೋ ನಡೆಯುತ್ತಿದ್ದವು. ಮಗು ಮೊದಲು ಉಸುಕಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಅನಂತರ ಪಾಟಿ, ಬಳಪ ಕೈಗೆ ಬರುತ್ತಿದ್ದವು. ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಂಬ ಮೆಟ್ಟಿಲುಗಳನ್ನು ಕ್ರಮವಾಗಿ ಏರಿದ ಮೇಲೆಯೇ ಪದ, ವಾಕ್ಯಗಳ ಓದು. ಮಗ್ಗಿಯಂತೆಯೇ ಕಾಗುಣಿತವನ್ನೂ ಮಕ್ಕಳು ಒಟ್ಟಾಗಿ ರಾಗವಾಗಿ ಹೇಳುತ್ತಿದ್ದರು. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ತಿದ್ದಿಸುತ್ತಿದ್ದರು.

ಈ ಪದ್ಧತಿಗೆ ಗುಣವೂ ಇತ್ತು, ದೋಷವೂ ಇತ್ತು. ಅಕ್ಷರ ಮತ್ತು ಧ್ವನಿಯ ಸಂಬಂಧ ಗಟ್ಟಿಯಾಗುತ್ತಿತ್ತು, ಕೈಬರಹ ದುಂಡಾಗುತ್ತಿತ್ತು. ಆದರೆ ಅರ್ಥವಿರುವ ಸಾಲೊಂದನ್ನು ಓದುವ ಹೊತ್ತಿಗೆ ವರ್ಷಗಳೇ ಕಳೆಯುತ್ತಿದ್ದವು. ಹೊಲದ ಕೆಲಸಕ್ಕೆ, ದನ ಕಾಯಲು ಬೇಕಾದ ಮಕ್ಕಳು ಅಷ್ಟರೊಳಗೆ ಶಾಲೆ ಬಿಟ್ಟಿರುತ್ತಿದ್ದರು. ಹೆಣ್ಣುಮಕ್ಕಳು ಅಲ್ಲಿಗೆ ಬರುವುದೇ ವಿರಳವಾಗಿತ್ತು. ಮಠಗಳ ಪರಿಸರದಲ್ಲಿ ಕಲಿತ ಮಕ್ಕಳಿಗೆ ಒಂದು ಅನುಕೂಲವಿತ್ತು: ಭಜನೆಯಲ್ಲಿ, ಪುರಾಣ ಪ್ರವಚನದಲ್ಲಿ ಕೇಳಿ ಬಾಯಿಗೆ ಬಂದ ವಚನ, ತತ್ತ್ವಪದಗಳು ಮುಂದೆ ಪುಸ್ತಕದಲ್ಲಿ ಕಣ್ಣಿಗೆ ಬೀಳುತ್ತಿದ್ದವು. ಕಿವಿಗೆ ಪರಿಚಿತವಾದ ಪಠ್ಯವನ್ನು ಕಣ್ಣು ಬೇಗ ಹಿಡಿಯುತ್ತದೆ.

ಪ್ರಸಾದ ನಿಲಯ ಮತ್ತು ಶಿಕ್ಷಣ ಸಂಸ್ಥೆಗಳು

ಶಾಲೆ ತೆರೆದರೆ ಸಾಲದು, ಮಗು ಅಲ್ಲಿ ಉಳಿಯಬೇಕು. ಕಲಿಸುವ ವಿಧಾನ ಎಷ್ಟೇ ಒಳ್ಳೆಯದಿದ್ದರೂ ಹಸಿದ ಮಗುವಿಗೆ, ವರ್ಷದಲ್ಲಿ ನಾಲ್ಕು ತಿಂಗಳು ಗೈರುಹಾಜರಾಗುವ ಮಗುವಿಗೆ ಓದು ದಕ್ಕುವುದಿಲ್ಲ. ಪಟ್ಟದ್ದೇವರು ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯಗಳ ಮೂಲಕ ಊಟ, ವಸತಿ ಒದಗಿಸಿದರು. ಇದಕ್ಕೆ ಬೇಕಾದ ದವಸ ಧಾನ್ಯ ಮತ್ತು ಹಣ ಭಕ್ತರಿಂದ ಬರುತ್ತಿತ್ತು. ಮಠಕ್ಕೆ ಬಂದ ಕಾಣಿಕೆ ಮಕ್ಕಳ ಅನ್ನವಾಗಿ, ಅಕ್ಷರವಾಗಿ ಊರಿಗೆ ಮರಳಿತು. ಭಾಲ್ಕಿ ಮತ್ತು ಕಮಲನಗರ ಭಾಗದಲ್ಲಿ ಬೆಳೆದ ಶಿಕ್ಷಣ ಸಂಸ್ಥೆಗಳ ಹಿಂದೆ ಅವರ ಪ್ರೇರಣೆಯಿದೆ. ಪ್ರಾಥಮಿಕ ಶಾಲೆಗಳಿಂದ ಮೊದಲಾದ ಈ ಕಾರ್ಯ ಮುಂದಿನ ತಲೆಮಾರಿನಲ್ಲಿ ಪ್ರೌಢಶಾಲೆ, ಕಾಲೇಜುಗಳವರೆಗೆ ವಿಸ್ತರಿಸಿತು.

ವಿಮೋಚನೆ ಮತ್ತು ಏಕೀಕರಣ

1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾದಾಗ ಹೈದರಾಬಾದ್ ಸಂಸ್ಥಾನ ಒಕ್ಕೂಟಕ್ಕೆ ಸೇರಲಿಲ್ಲ. ಮುಂದಿನ 13 ತಿಂಗಳು ಬೀದರ್ ಭಾಗಕ್ಕೆ ಕಷ್ಟದ ಕಾಲ. ರಜಾಕಾರರ ಹಾವಳಿ ಹೆಚ್ಚಿತು. ಇಂದಿನ ಬಸವಕಲ್ಯಾಣ ಭಾಗದ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ದಾಳಿಯಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. 1948ರ ಸೆಪ್ಟೆಂಬರ್‌ನಲ್ಲಿ ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆ ನಡೆದು, 17ರಂದು ನಿಜಾಮರು ಶರಣಾಗತಿಯನ್ನು ಘೋಷಿಸಿದರು. ಅನಂತರ ಆಯಾ ಪ್ರದೇಶದ ಭಾಷೆಗಳು ಶಾಲೆಗಳಲ್ಲಿ ಮಾಧ್ಯಮವಾಗಲು ದಾರಿ ತೆರೆಯಿತು. ಉರ್ದು ಫಲಕದ ಮರೆಯಲ್ಲಿ ಕಲಿಸುವ ಅಗತ್ಯ ಉಳಿಯಲಿಲ್ಲ.

ಆದರೆ ಕನ್ನಡದ ನೆಲೆ ಇನ್ನೂ ಭದ್ರವಾಗಿರಲಿಲ್ಲ. ಬೀದರ್ ಜಿಲ್ಲೆ ಯಾವ ರಾಜ್ಯಕ್ಕೆ ಸೇರಬೇಕೆಂಬುದು ಚರ್ಚೆಯ ವಿಷಯವಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಜಿಲ್ಲೆ ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರ್ ಭಾಗಗಳು ಮರಾಠಿ ಪ್ರದೇಶದೊಡನೆ ಆಗಿನ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್ ಮತ್ತು ನಾರಾಯಣಖೇಡ್ ಭಾಗಗಳು ಆಂಧ್ರಪ್ರದೇಶಕ್ಕೂ ಹೋದವು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್, ಕಲ್ಯಾಣಿ ಭಾಗಗಳು ಕನ್ನಡ ರಾಜ್ಯದಲ್ಲಿ ಉಳಿದವು. ಕಲ್ಯಾಣಿಗೆ ಬಸವಕಲ್ಯಾಣ ಎಂಬ ಹೆಸರು ಬಂದಿತು. ಕನ್ನಡ ಓದಬಲ್ಲ, ಕನ್ನಡದಲ್ಲಿ ವ್ಯವಹರಿಸಬಲ್ಲ ತಲೆಮಾರೊಂದು ಅಷ್ಟರಲ್ಲಿ ಸಿದ್ಧವಾಗಿದ್ದುದು ಈ ಭಾಗ ಕರ್ನಾಟಕದಲ್ಲಿ ನೆಲೆಗೊಳ್ಳಲು ನೆರವಾಯಿತೆಂಬ ಅಭಿಪ್ರಾಯವಿದೆ. ಆ ತಲೆಮಾರನ್ನು ಸಿದ್ಧಗೊಳಿಸಿದವರಲ್ಲಿ ಪಟ್ಟದ್ದೇವರ ಹೆಸರನ್ನು ಮೊದಲು ಹೇಳುವುದು ವಾಡಿಕೆ. ಏಕೀಕರಣದ ಬಳಿಕವೂ ಜಿಲ್ಲೆಯ ಕೆಲವು ಹಳ್ಳಿಗಳ ಮೇಲೆ ಮಹಾರಾಷ್ಟ್ರದ ಹಕ್ಕೊತ್ತಾಯ ಮುಂದುವರಿದುದರಿಂದ ಗಡಿಯ ಕನ್ನಡ ಶಾಲೆಗಳಿಗೆ ವಿಶೇಷ ಮಹತ್ವ ಉಳಿಯಿತು.

ಬಸವಕಲ್ಯಾಣದ ಅನುಭವ ಮಂಟಪ

ಬಸವಣ್ಣನವರ ಕರ್ಮಭೂಮಿಯಲ್ಲಿ ಶರಣರ ನೆನಪಿಗೆ ತಕ್ಕ ಸ್ಥಳವಿರಬೇಕೆಂಬುದು ಪಟ್ಟದ್ದೇವರ ಇನ್ನೊಂದು ಸಂಕಲ್ಪ. ಅವರ ನೇತೃತ್ವದಲ್ಲಿ ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡ ತಲೆಯೆತ್ತಿತು. 12ನೆಯ ಶತಮಾನದ ಅನುಭವ ಮಂಟಪದಲ್ಲಿ ಬೇರೆ ಬೇರೆ ಕಾಯಕದ, ಜಾತಿಯ ಸ್ತ್ರೀಪುರುಷರು ಒಂದೆಡೆ ಕುಳಿತು ಚರ್ಚಿಸಿದರೆಂಬುದು ಶರಣ ಪರಂಪರೆಯ ನಂಬಿಕೆ. ಆ ಪರಂಪರೆಗೆ ಮತ್ತೆ ನೆಲೆ ಒದಗಿಸಿದ ಈ ಕಟ್ಟಡ ಇಂದು ನಾಡಿನ ಎಲ್ಲ ಭಾಗಗಳಿಂದ ಜನರನ್ನು ಸೆಳೆಯುತ್ತದೆ. ಇಲ್ಲಿ ಪ್ರತಿ ವರ್ಷ ಶರಣ ಕಮ್ಮಟ ಮತ್ತು ಅನುಭವ ಮಂಟಪ ಉತ್ಸವ ನಡೆಯುತ್ತದೆ. 2021ರ ಜನವರಿ 6ರಂದು ಕರ್ನಾಟಕ ಸರ್ಕಾರವು ಬಸವಕಲ್ಯಾಣದಲ್ಲಿ ವಿಶಾಲವಾದ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿತು.

ಶಾಲೆ ಮತ್ತು ಮಂಟಪ ಎರಡು ಬೇರೆ ಕಾರ್ಯಗಳಂತೆ ಕಂಡರೂ ಅವುಗಳ ನಡುವೆ ಸಂಬಂಧವಿದೆ. ವಚನಗಳು ಓದುಗರನ್ನು ಬೇಡುತ್ತವೆ. ಓದಬಲ್ಲ ಜನರಿಲ್ಲದೆ ಹೋದರೆ ಕಲ್ಯಾಣದಲ್ಲಿ ಹುಟ್ಟಿದ ಸಾಹಿತ್ಯ ಕಲ್ಯಾಣದ ಮಕ್ಕಳಿಗೇ ಅಪರಿಚಿತವಾಗಿ ಉಳಿಯುತ್ತಿತ್ತು.

ಅನಂತರದ ಕಾಲದ ಓದು ಕಲಿಕೆ

ಪಟ್ಟದ್ದೇವರು ಹಿಡಿದ ನಿಲುವಿಗೆ ಮುಂದೆ ಹೊರಗಿನಿಂದಲೂ ಬೆಂಬಲ ದೊರೆಯಿತು. ಯುನೆಸ್ಕೋ 1953ರಲ್ಲಿ ಪ್ರಕಟಿಸಿದ ವರದಿಯು ಮಗುವಿನ ಆರಂಭದ ಶಿಕ್ಷಣಕ್ಕೆ ಮಾತೃಭಾಷೆಯೇ ಯೋಗ್ಯ ಮಾಧ್ಯಮವೆಂದು ಪ್ರತಿಪಾದಿಸಿತು. 1956ರಲ್ಲಿ ಭಾರತದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸುವಂತೆ ರಾಜ್ಯಗಳಿಗೆ ಸೂಚಿಸುತ್ತದೆ. ಬೀದರ್ ಜಿಲ್ಲೆಯಲ್ಲಿ ಕನ್ನಡದೊಡನೆ ಮರಾಠಿ, ಉರ್ದು ಮಾಧ್ಯಮದ ಶಾಲೆಗಳೂ ನಡೆಯುತ್ತಿರುವುದು ಇದೇ ತತ್ತ್ವದ ಮೇಲೆ.

ಕಲಿಸುವ ವಿಧಾನದಲ್ಲಿಯೂ ಬದಲಾವಣೆಗಳಾದವು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು 2009–10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ವ್ಯಾಪಿಸಿತು. ಇದರಲ್ಲಿ ಅ ಆ ಇ ಈ ಎಂಬ ಹಳೆಯ ಸಾಲಿನ ಬದಲು ರ, ಗ, ಸ, ದ, ಅ ಎಂಬ ಅಕ್ಷರ ಗುಂಪು ಮೊದಲು ಬರುತ್ತದೆ; ಅನಂತರ ಜ, ವ, ಮ, ಬ, ನ. ಬರೆಯಲು ಸುಲಭವಾದ, ಆಕಾರದಲ್ಲಿ ಹತ್ತಿರವಾದ ಕೆಲವೇ ಅಕ್ಷರಗಳಿಂದ ಸರ, ಅರಸ, ಗರಗಸ ಎಂಬ ಪದಗಳನ್ನು ಮಗು ಮೊದಲ ವಾರಗಳಲ್ಲೇ ಓದಬಲ್ಲದು. ಅರ್ಥವಿರುವ ಓದಿಗಾಗಿ ಒತ್ತಕ್ಷರ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಆದರೂ ಸಮಸ್ಯೆ ಪೂರ್ತಿ ಬಗೆಹರಿದಿಲ್ಲ. ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಕಲಿಕೆ ಮೂರು ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ತೋರಿಸಿತು. ಕಲ್ಯಾಣ ಕರ್ನಾಟಕದ ಯಾದಗಿರಿಯಲ್ಲಿ ಮತ್ತು ಮಹಾರಾಷ್ಟ್ರದ ವಾಡಾದಲ್ಲಿ ಶೈಲಜಾ ಮೆನನ್ ಮತ್ತು ಸಂಗಡಿಗರು ಹಲವು ವರ್ಷ ನಡೆಸಿದ ಸಂಶೋಧನೆಯಲ್ಲಿ, ಮೂರನೆಯ ತರಗತಿಗೆ ಬಂದರೂ ಅನೇಕ ಮಕ್ಕಳಿಗೆ ಸಣ್ಣ ಗದ್ಯಭಾಗವನ್ನು ಓದಿ ಗ್ರಹಿಸುವುದು ಕಷ್ಟವಾಗಿದ್ದುದು ಕಂಡುಬಂದಿತು. ಅಕ್ಷರದ ಮೇಲಷ್ಟೇ ಗಮನವಿಟ್ಟು ಮಾತು, ಕಥೆ, ಅರ್ಥ, ಸ್ವಂತ ಬರವಣಿಗೆಗಳನ್ನು ಮುಂದೂಡುವುದು ಇದಕ್ಕೆ ಒಂದು ಕಾರಣವೆಂದು ಸಂಶೋಧಕರು ಗುರುತಿಸಿದರು. ಅಕ್ಷರ ಕಲಿಕೆಯನ್ನು ಬಿಡದೆ, ಅದರ ಜೊತೆಜೊತೆಗೆ ಮೊದಲ ದಿನದಿಂದಲೇ ಮಾತು, ಓದು, ಬರಹಗಳೂ ನಡೆಯಬೇಕೆಂಬುದು ಅವರ ಸಲಹೆ.

ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿಗೆ ಈ ಪ್ರಶ್ನೆ ಇನ್ನೂ ತೀವ್ರವಾದುದು. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಇರುವ ಆ ಮಕ್ಕಳ ಮುಂದೆ ಕನ್ನಡವೇ ಹೊಸ ಭಾಷೆಯಾಗಿ ನಿಲ್ಲುತ್ತದೆ. ಒಂದು ಕಾಲದಲ್ಲಿ ಉರ್ದುವಿನ ಮುಂದೆ ಕನ್ನಡದ ಮಗು ಅನುಭವಿಸಿದ ತೊಡಕನ್ನೇ ಇಂದು ಕನ್ನಡದ ಮುಂದೆ ಲಂಬಾಣಿ ಮಗು ಅನುಭವಿಸುತ್ತದೆ. ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಸೇರುವ ಹಳ್ಳಿ ಮಕ್ಕಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಕಡ್ಡಾಯವಾಗಿ ಹೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ ತಿಂಗಳಲ್ಲಿ ಕರ್ನಾಟಕದ ಪ್ರಕರಣದಲ್ಲಿ ತೀರ್ಪು ನೀಡಿದ ಮೇಲೆ, ಆಯ್ಕೆಯ ಹೊಣೆ ಪೋಷಕರದ್ದಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಿರುವೆಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಪ್ರಾದೇಶಿಕ ಭಾಷೆ ಬೋಧನೆಯ ಭಾಷೆಯಾಗಿರಲೆಂದು ಶಿಫಾರಸು ಮಾಡಿದೆ.

2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಸಾಕ್ಷರತೆ ಶೇ. 70.51 ಇತ್ತು, ರಾಜ್ಯದ ಸರಾಸರಿ ಶೇ. 75.36. ಕನ್ನಡ ಪಾಠವನ್ನೇ ಮರೆಮಾಚಿ ನಡೆಸಬೇಕಾಗಿದ್ದ ಕಾಲದಿಂದ ಜಿಲ್ಲೆ ಬಹುದೂರ ಬಂದಿದೆ. ಉಳಿದಿರುವ ಅಂತರವೂ ಕಡೆಗಣಿಸುವಂಥದ್ದಲ್ಲ.

ನಿಧನ

ಚನ್ನಬಸವ ಪಟ್ಟದ್ದೇವರು ನೂರು ವರ್ಷಗಳನ್ನು ದಾಟಿದ ದೀರ್ಘಾಯುಷಿಗಳು. ನಿಜಾಮರ ಆಳ್ವಿಕೆ, ವಿಮೋಚನೆ, ಏಕೀಕರಣ ಮೂರನ್ನೂ ಕಂಡರು. ತಾವು ಕನ್ನಡ ಕಲಿಸಲು ಮರೆ ಹುಡುಕಬೇಕಾಗಿದ್ದ ಜಿಲ್ಲೆಯ ಕೇಂದ್ರದಲ್ಲಿಯೇ 1985ರಲ್ಲಿ ಹಾ.ಮಾ. ನಾಯಕರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅವರು ಬದುಕಿದ್ದರು. 1999ರ ಏಪ್ರಿಲ್ 22ರಂದು ಲಿಂಗೈಕ್ಯರಾದರು. ಅವರ ನಂತರ ಬಸವಲಿಂಗ ಪಟ್ಟದ್ದೇವರು ಭಾಲ್ಕಿ ಹಿರೇಮಠದ ಹೊಣೆಯನ್ನು ವಹಿಸಿ ಶಿಕ್ಷಣ ಮತ್ತು ವಚನ ಸಾಹಿತ್ಯದ ಕಾರ್ಯವನ್ನು ಮುಂದುವರಿಸಿದರು.

ಸ್ಮರಣೆ

ಬೀದರ್ ನಗರದ ಜಿಲ್ಲಾ ರಂಗಮಂದಿರಕ್ಕೆ ಚನ್ನಬಸವ ಪಟ್ಟದ್ದೇವರ ಹೆಸರಿಡಲಾಗಿದೆ. ಭಾಲ್ಕಿ ತಾಲ್ಲೂಕಿನ ಕರಡ್ಯಾಳದಲ್ಲಿರುವ ಚನ್ನಬಸವೇಶ್ವರ ಗುರುಕುಲವನ್ನು ಹಿರೇಮಠದ ಆಶ್ರಯದಲ್ಲಿ ನಡೆಸಲಾಗುತ್ತಿದೆ. ಪ್ರತಿ ವರ್ಷ ಡಿಸೆಂಬರ್ 22ರಂದು ಅವರ ಜಯಂತಿಯನ್ನೂ ಏಪ್ರಿಲ್ ತಿಂಗಳಲ್ಲಿ ಸ್ಮರಣೋತ್ಸವವನ್ನೂ ಭಾಲ್ಕಿಯಲ್ಲಿ ಆಚರಿಸಲಾಗುತ್ತದೆ. ಗಡಿಭಾಗದ ಕನ್ನಡ ಶಾಲೆಗಳ ಅಳಿವು ಉಳಿವಿನ ಚರ್ಚೆ ಬಂದಾಗಲೆಲ್ಲ ಉರ್ದು ಫಲಕದ ಶಾಲೆಯ ಪ್ರಸ್ತಾಪವೂ ಬರುತ್ತದೆ.